ನ್ಯಾಯಾಲಯ ಶುಲ್ಕದ ವಿದ್ಯುನ್ಮಾನ ಪಾವತಿ: ಕಟ್ಟುವ ದಾರಿಯಷ್ಟೇ ಅಲ್ಲ, ಮರಳುವ ದಾರಿಯೂ ಬೇಕು

"ಗೆದ್ದವ ಸೋತ, ಸೋತವ ಸತ್ತ" ಎಂಬುದು ಸಿವಿಲ್ ವ್ಯಾಜ್ಯವನ್ನು ಕುರಿತು ನಮ್ಮ ನಾಡಿನಲ್ಲಿ ತಲೆಮಾರುಗಳಿಂದ ಕೇಳಿಬರುತ್ತಿರುವ ಮಾತು. ವ್ಯಾಪಾರಿಗಳಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಉದ್ದರಿ ಕೊಟ್ಟ ಸರಕಿನ ಹಣ ಬಾರದೆ ಹೋದಾಗ ಮೊದಲು ದೂರವಾಣಿ, ಅನಂತರ ಪತ್ರ, ಆಮೇಲೆ ವಕೀಲರ ನೋಟೀಸು, ಕೊನೆಗೆ ದಾವೆ ಎಂಬ ನಾಲ್ಕು ಮೆಟ್ಟಿಲುಗಳನ್ನು ಏರದ ವರ್ತಕರು ವಿರಳ. ನಾಲ್ಕನೆಯ ಮೆಟ್ಟಿಲಿನ ಬಳಿಗೆ ಬಂದಾಗ ಅನೇಕರು ಹಿಂದಕ್ಕೆ ಸರಿಯುತ್ತಾರೆ. ಅದಕ್ಕೆ ವಿಳಂಬವೊಂದೇ ಕಾರಣವಲ್ಲ. ಬಾರದ ಹಣವನ್ನು ಕೇಳುವುದಕ್ಕೆ ಮುನ್ನ ಕೈಯಿಂದ ಮತ್ತಷ್ಟು ಹಣ ಹಾಕಬೇಕು ಎಂಬುದೂ ಒಂದು ಕಾರಣ. ಆ ಹಣದ ಹೆಸರೇ ನ್ಯಾಯಾಲಯ ಶುಲ್ಕ, ವಾಡಿಕೆಯ ಮಾತಿನಲ್ಲಿ ಕೋರ್ಟ್ ಫೀ.

ಈ ಶುಲ್ಕವನ್ನು ಅಧೀನ ನ್ಯಾಯಾಲಯಗಳಲ್ಲಿ ವಿದ್ಯುನ್ಮಾನ ಮಾರ್ಗದಲ್ಲಿ ಸ್ವೀಕರಿಸುವ ವ್ಯವಸ್ಥೆ ದೇಶದಲ್ಲಿ ಹಂತಹಂತವಾಗಿ ವಿಸ್ತರಿಸುತ್ತಿದೆ. ಇದು ಸ್ವಾಗತಾರ್ಹ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಈ ವ್ಯವಸ್ಥೆಯನ್ನು ಸರತಿಯ ಸಾಲು ತಪ್ಪಿಸುವ ಒಂದು ಅನುಕೂಲವೆಂದಷ್ಟೇ ಭಾವಿಸಿದರೆ ಅದರ ಅರ್ಧ ಪ್ರಯೋಜನವೂ ವರ್ತಕರಿಗೆ ದೊರೆಯಲಾರದು. ಶುಲ್ಕ ಕಟ್ಟಿದವರ ಹೆಸರಿನಲ್ಲಿ ಪುರಾವೆ ಉಳಿಯಬೇಕು. ಕಾನೂನು ಅವಕಾಶ ನೀಡಿದಾಗ ಆ ಹಣ ಬಂದ ದಾರಿಯಲ್ಲೇ ಮರಳಿ ಬರಬೇಕು. ಇವೆರಡೂ ಇಲ್ಲದ ವಿದ್ಯುನ್ಮಾನ ಪಾವತಿ ಹಳೆಯ ಪದ್ಧತಿಗೆ ಹೊಸ ಹೊದಿಕೆ ಹೊದಿಸಿದಂತೆ ಆಗುತ್ತದೆ.

ಶುಲ್ಕದ ಗಾತ್ರ ಎಷ್ಟು?

ಮೈಸೂರಿನ ಯಾದವಗಿರಿಯ ಒಬ್ಬ ಸಗಟು ವರ್ತಕರನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ರೈಲು ನಿಲ್ದಾಣಕ್ಕೆ ಸಮೀಪವಿರುವ ಈ ಬಡಾವಣೆಯಲ್ಲಿ ಆಕಾಶವಾಣಿ ಕೇಂದ್ರವೂ ಇದೆ, ಆರ್. ಕೆ. ನಾರಾಯಣ್ ಅವರ ಮನೆಯೂ ಇದೆ. ಅದರೊಂದಿಗೆ ಸಣ್ಣ ಕೈಗಾರಿಕೆಗಳೂ ಗೋದಾಮುಗಳೂ ಇವೆ. ಈ ವರ್ತಕರು ಒಬ್ಬ ಗಿರಾಕಿಗೆ 5 ಲಕ್ಷ ರೂಪಾಯಿಯ ಸರಕನ್ನು ಉದ್ದರಿಯಾಗಿ ಕೊಟ್ಟಿದ್ದಾರೆ, ಹಣ ಬಂದಿಲ್ಲ. ದಾವೆ ಹೂಡಲು ನಿಶ್ಚಯಿಸಿದರೆ ಅವರು ತೆರಬೇಕಾದ ಶುಲ್ಕವನ್ನು ನಿರ್ಧರಿಸುವುದು 1958ರ ಕರ್ನಾಟಕ ನ್ಯಾಯಾಲಯ ಶುಲ್ಕಗಳ ಮತ್ತು ದಾವೆಗಳ ಮೌಲ್ಯನಿರ್ಣಯ ಕಾಯಿದೆ.

ಆ ಕಾಯಿದೆಯ ಅನುಸೂಚಿಯಲ್ಲಿ ಬಹುಕಾಲದಿಂದ ಇರುವ ಹಂತಗಳ ಪ್ರಕಾರ ಮೊದಲ 15,000 ರೂಪಾಯಿಗೆ ಶೇ. 2.5, ಅಲ್ಲಿಂದ 75,000 ರೂಪಾಯಿಯವರೆಗಿನ ಮೊತ್ತಕ್ಕೆ ಶೇ. 7.5, ಅನಂತರ 2.5 ಲಕ್ಷದವರೆಗೆ ಶೇ. 7, ಅದರ ಮೇಲೆ 5 ಲಕ್ಷದವರೆಗೆ ಶೇ. 6.5 ಹೀಗೆ ಲೆಕ್ಕ ಸಾಗುತ್ತದೆ. ಇವನ್ನು ಕೂಡಿದರೆ 5 ಲಕ್ಷ ರೂಪಾಯಿಯ ದಾವೆಗೆ 33,375 ರೂಪಾಯಿ ಶುಲ್ಕವಾಗುತ್ತದೆ. ಶೇ. 5ರ ಲಾಭಾಂಶದಲ್ಲಿ ವಹಿವಾಟು ನಡೆಸುವ ಸಗಟು ವರ್ತಕರಿಗೆ ಆ 5 ಲಕ್ಷದ ಮಾರಾಟದಲ್ಲಿ ಬರಬೇಕಾಗಿದ್ದ ಲಾಭ 25,000 ರೂಪಾಯಿ ಮಾತ್ರ. ಅಂದರೆ ಬಾರದ ಲಾಭಕ್ಕಿಂತ ಹೆಚ್ಚಿನ ಮೊತ್ತವನ್ನು ಅವರು ನ್ಯಾಯಾಲಯದ ಬಾಗಿಲಿನಲ್ಲೇ ಮುಂಗಡವಾಗಿ ಇಡಬೇಕು. ವಕೀಲರ ಸಂಭಾವನೆ, ಓಡಾಟ, ಕೆಲಸದ ದಿನಗಳ ನಷ್ಟ ಇವು ಬೇರೆ.

ಇನ್ನೊಂದು ಅಂಶವೂ ಗಮನಾರ್ಹ. ಹಂತಗಳು ಮೇಲೇರಿದಂತೆ ದರ ಇಳಿಯುತ್ತದೆ. 1 ಲಕ್ಷದ ದಾವೆಗೆ 6,625 ರೂಪಾಯಿ, ಅಂದರೆ ಶೇ. 6.6ರಷ್ಟು, 10 ಲಕ್ಷಕ್ಕೆ 60,875 ರೂಪಾಯಿ, ಅಂದರೆ ಶೇ. 6.1ರಷ್ಟು, 30 ಲಕ್ಷಕ್ಕೆ 1,10,875 ರೂಪಾಯಿ, ಅಂದರೆ ಶೇ. 3.7ರಷ್ಟು. ದೊಡ್ಡ ಸಂಸ್ಥೆಗಿಂತ ಸಣ್ಣ ವರ್ತಕನ ಮೇಲೆಯೇ ಶುಲ್ಕದ ಭಾರ ಪ್ರಮಾಣದಲ್ಲಿ ಹೆಚ್ಚು. ಆದ್ದರಿಂದ ಶುಲ್ಕ ಪಾವತಿಯ ವಿಧಾನದಲ್ಲಿ ಆಗುವ ಪ್ರತಿಯೊಂದು ಸುಧಾರಣೆಯೂ, ಪ್ರತಿಯೊಂದು ಲೋಪವೂ ಹೆಚ್ಚಾಗಿ ತಟ್ಟುವುದು ಸಣ್ಣವರಿಗೇ.

ನ್ಯಾಯಾಲಯ ಶುಲ್ಕ ತೆರಿಗೆಯಲ್ಲ, ಶುಲ್ಕ. ಸಿವಿಲ್ ನ್ಯಾಯದಾನದ ವೆಚ್ಚಕ್ಕೂ ಅದಕ್ಕೂ ಸಂಬಂಧವಿರಬೇಕು ಎಂದು ಸರ್ವೋಚ್ಚ ನ್ಯಾಯಾಲಯ ಜೆನಿತ್ ಲ್ಯಾಂಪ್ಸ್ ಪ್ರಕರಣದಲ್ಲಿ 1972ರಲ್ಲಿಯೇ ತಿಳಿಸಿದೆ. ಕರ್ನಾಟಕದ ಕಾಯಿದೆಯೇ ಪ್ರಶ್ನೆಗೊಳಗಾದ ಪಿ. ಎಂ. ಅಶ್ವತ್ಥನಾರಾಯಣ ಶೆಟ್ಟಿ ಪ್ರಕರಣದಲ್ಲಿ 1988ರಲ್ಲಿ ಅದೇ ನ್ಯಾಯಾಲಯ ಮೌಲ್ಯಾನುಸಾರ ಶುಲ್ಕದ ಸಿಂಧುತ್ವವನ್ನು ಎತ್ತಿಹಿಡಿಯಿತಾದರೂ ಅದನ್ನು ಹೆಚ್ಚು ಸಮಂಜಸಗೊಳಿಸುವ ಅಗತ್ಯವನ್ನೂ ಸೂಚಿಸಿತು. ಸೇವೆಗೆ ಪ್ರತಿಯಾಗಿ ಪಡೆಯುವ ಹಣವೇ ಶುಲ್ಕವಾದರೆ, ಆ ಹಣವನ್ನು ಸುಲಭವಾಗಿ ಕಟ್ಟಲು, ಕಟ್ಟಿದ್ದಕ್ಕೆ ನಿಖರ ರಸೀದಿ ಪಡೆಯಲು, ಅರ್ಹತೆಯಿದ್ದಾಗ ಬೇಗನೆ ಮರಳಿ ಪಡೆಯಲು ಅನುವು ಮಾಡಿಕೊಡುವುದೂ ಆ ಸೇವೆಯ ಭಾಗವೇ ಆಗಿರುತ್ತದೆ.

ಹಳೆಯ ಪದ್ಧತಿಯ ತೊಡಕುಗಳು

ಮುದ್ರಾಂಕ, ಚಲನ್, ಡಿಮ್ಯಾಂಡ್ ಡ್ರಾಫ್ಟ್, ನಗದು ಇವು ಬಹುಕಾಲದಿಂದ ರೂಢಿಯಲ್ಲಿರುವ ಮಾರ್ಗಗಳು. ಇವುಗಳ ಸಾಮಾನ್ಯ ಲಕ್ಷಣವೆಂದರೆ ಹಣ ಕೊಡುವವರಿಗೂ ಹಣ ಸ್ವೀಕರಿಸುವವರಿಗೂ ನಡುವೆ ಮತ್ತೊಬ್ಬರು ಇರುವುದು. ವರ್ತಕರು ವಕೀಲರ ಕಚೇರಿಗೆ ಒಂದು ಇಡುಗಂಟು ಕೊಡುತ್ತಾರೆ. ಗುಮಾಸ್ತರು ಮುದ್ರಾಂಕ ತರುತ್ತಾರೆ ಅಥವಾ ಹಣ ಕಟ್ಟುತ್ತಾರೆ. ಶುಲ್ಕಕ್ಕೆ ಎಷ್ಟು, ಸಮನ್ಸಿಗೆ ಎಷ್ಟು, ನಕಲಿಗೆ ಎಷ್ಟು, ಸಂಭಾವನೆ ಎಷ್ಟು ಎಂಬ ವಿಂಗಡಣೆ ಅಂಗಡಿಯ ಲೆಕ್ಕದ ಪುಸ್ತಕಕ್ಕೆ ಬರುವುದೇ ಇಲ್ಲ. "ಕೋರ್ಟು ಖರ್ಚು" ಎಂಬ ಒಂದೇ ಸಾಲಿನ ನಮೂದು, ಅದಕ್ಕೆ ಆಧಾರವಾಗಿ ಒಂದು ಕೈಬರಹದ ಚೀಟಿ. ವರ್ಷಾಂತ್ಯದಲ್ಲಿ ಲೆಕ್ಕಪರಿಶೋಧನೆಗೆ ಕುಳಿತಾಗ ಆ ಚೀಟಿಯೂ ದೊರೆಯದಿರುವುದು ಅಪರೂಪವೇನಲ್ಲ.

ಇದರಲ್ಲಿ ವಕೀಲರ ಅಥವಾ ಗುಮಾಸ್ತರ ಪ್ರಾಮಾಣಿಕತೆಯನ್ನು ಶಂಕಿಸುವ ಪ್ರಶ್ನೆಯಿಲ್ಲ. ದೋಷವಿರುವುದು ಪದ್ಧತಿಯಲ್ಲಿ. ಮುದ್ರಾಂಕದ ಮೇಲೆ ಮೌಲ್ಯವಿರುತ್ತದೆ, ಆದರೆ ಹಣ ಯಾರ ಖಾತೆಯಿಂದ ಬಂದಿತು ಎಂಬುದನ್ನು ಅದು ಹೇಳುವುದಿಲ್ಲ.

ಕಾಗದದ ಮುದ್ರಾಂಕಕ್ಕೆ ಮತ್ತೊಂದು ಅಪಾಯವೂ ಇದೆ. 2000ದ ದಶಕದ ಆರಂಭದಲ್ಲಿ ಬಯಲಿಗೆ ಬಂದ ನಕಲಿ ಛಾಪಾ ಕಾಗದದ ಹಗರಣವನ್ನು ಕರ್ನಾಟಕದ ವರ್ತಕರು ಮರೆತಿರಲಾರರು. ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ಜಾಲ ಛಾಪಾ ಕಾಗದಗಳನ್ನಷ್ಟೇ ಅಲ್ಲದೆ ನ್ಯಾಯಾಲಯ ಶುಲ್ಕದ ಮುದ್ರಾಂಕಗಳನ್ನೂ ನಕಲಿಯಾಗಿ ಮುದ್ರಿಸಿತ್ತು. ಆ ಹಗರಣದ ತರುವಾಯ ನೋಂದಣಿ ಮತ್ತು ಕರಾರುಗಳ ಕ್ಷೇತ್ರದಲ್ಲಿ ಹಳೆಯ ಛಾಪಾ ಕಾಗದ ಹಿಂದೆ ಸರಿದು, ಸ್ಟಾಕ್ ಹೋಲ್ಡಿಂಗ್ ಕಾರ್ಪೊರೇಷನ್ ಮೂಲಕ ಇ-ಸ್ಟಾಂಪಿಂಗ್ ಬಂದಿತು. ಪ್ರತಿಯೊಂದು ಪ್ರಮಾಣಪತ್ರಕ್ಕೂ ಒಂದು ಸಂಖ್ಯೆ, ಆ ಸಂಖ್ಯೆಯನ್ನು ಯಾರು ಬೇಕಾದರೂ ಪರಿಶೀಲಿಸುವ ಅವಕಾಶ ದೊರೆತವು. ಮನೆ ಬಾಡಿಗೆಯ ಕರಾರಿಗೆ ದೊರೆತ ಈ ಭದ್ರತೆ ಲಕ್ಷಾಂತರ ರೂಪಾಯಿಯ ದಾವೆಗಳಿಗೂ ಎಲ್ಲೆಡೆ ದೊರೆಯಬೇಕಾದುದು ನ್ಯಾಯ.

ತೆರಿಗೆ ಪಾವತಿಯ ಅನುಭವ ಕಲಿಸಿದ ಪಾಠ

ವಿದ್ಯುನ್ಮಾನ ಪಾವತಿ ವರ್ತಕರಿಗೆ ಹೊಸದಲ್ಲ. ಆದಾಯ ತೆರಿಗೆಯ ಚಲನ್‌ಗಳನ್ನು ಬ್ಯಾಂಕುಗಳ ಮೂಲಕ ಗಣಕೀಕರಿಸುವ ಓಲ್ಟಾಸ್ ವ್ಯವಸ್ಥೆ 2004ರಲ್ಲಿ ಆರಂಭವಾಯಿತು. ಬ್ಯಾಂಕಿನ ಶಾಖೆಯ 7 ಅಂಕಿಗಳ ಸಂಕೇತ, ಹಣ ಕಟ್ಟಿದ ದಿನಾಂಕ, ಚಲನ್‌ನ 5 ಅಂಕಿಗಳ ಕ್ರಮಸಂಖ್ಯೆ ಇವು ಕೂಡಿ ಪ್ರತಿಯೊಂದು ಪಾವತಿಗೂ ಒಂದು ಗುರುತು ಸಂಖ್ಯೆ ದೊರೆಯಿತು. 2008ರ ಏಪ್ರಿಲ್ 1ರಿಂದ ಕಂಪನಿಗಳಿಗೂ, ಲೆಕ್ಕಪರಿಶೋಧನೆ ಕಡ್ಡಾಯವಾಗಿರುವ ತೆರಿಗೆದಾರರಿಗೂ ವಿದ್ಯುನ್ಮಾನ ಪಾವತಿಯೇ ಕಡ್ಡಾಯವಾಯಿತು. ಆಗ ಸಣ್ಣ ಪಟ್ಟಣಗಳ ವರ್ತಕರಲ್ಲಿ ಆತಂಕವಿತ್ತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗಲೂ ಆತಂಕವಿತ್ತು. ಬ್ಯಾಂಕಿನ ಕೌಂಟರಿನಲ್ಲಿ ಕಟ್ಟಬಹುದಾದ ಮೊತ್ತ 10,000 ರೂಪಾಯಿಗೆ ಸೀಮಿತವಾಗಿ, ಉಳಿದುದೆಲ್ಲ ಜಾಲದ ಮೂಲಕವೇ ಸಾಗಬೇಕಾಯಿತು. ಇಂದು ಚಿಕ್ಕ ಕಿರಾಣಿ ಅಂಗಡಿಯವರೂ ತೆರಿಗೆಯನ್ನು ಅಂಗಡಿಯಲ್ಲೇ ಕುಳಿತು ಕಟ್ಟುತ್ತಾರೆ.

ಈ ಅನುಭವದಲ್ಲಿ ಮೂರು ಪಾಠಗಳಿವೆ. ಮೊದಲನೆಯದು, ಗುರುತು ಸಂಖ್ಯೆಯ ಮಹತ್ವ. ರಸೀದಿ ಕಳೆದುಹೋದರೂ ಸಂಖ್ಯೆಯ ಆಧಾರದ ಮೇಲೆ ಪಾವತಿಯನ್ನು ಪತ್ತೆ ಹಚ್ಚಬಹುದು. ಎರಡನೆಯದು, ತಪ್ಪುಗಳು ಆಗಿಯೇ ತೀರುತ್ತವೆ ಎಂಬುದು. ತೆರಿಗೆ ಪಾವತಿಯಲ್ಲಿ ತಪ್ಪು ವರ್ಷ, ತಪ್ಪು ಶೀರ್ಷಿಕೆ ಆರಿಸಿದವರು ಅಸಂಖ್ಯ. ಸರಕು ಮತ್ತು ಸೇವಾ ತೆರಿಗೆಯಲ್ಲಿ ಒಂದು ಶೀರ್ಷಿಕೆಯಲ್ಲಿ ಕಟ್ಟಿದ ಹಣವನ್ನು ಮತ್ತೊಂದಕ್ಕೆ ವರ್ಗಾಯಿಸುವ ನಮೂನೆ ಬಳಕೆಗೆ ಬಂದುದು 2020ರಲ್ಲಿ. ಅದಕ್ಕೂ ಮುನ್ನ ತಪ್ಪು ಮಾಡಿದವರು ಮತ್ತೊಮ್ಮೆ ಕಟ್ಟಿ, ಮೊದಲ ಹಣಕ್ಕಾಗಿ ಕಾಯಬೇಕಾಗಿತ್ತು. ಮೂರನೆಯದು, ಹಣ ಸ್ವೀಕರಿಸುವ ವ್ಯವಸ್ಥೆ ಚುರುಕಾದಷ್ಟು ಬೇಗ ಮರುಪಾವತಿಯ ವ್ಯವಸ್ಥೆ ಚುರುಕಾಗುವುದಿಲ್ಲ ಎಂಬುದು. ಆದಾಯ ತೆರಿಗೆಯ ಮರುಪಾವತಿ ನೇರವಾಗಿ ಬ್ಯಾಂಕ್ ಖಾತೆಗೆ ಸೇರುವಂತಾದ ಮೇಲೆಯೇ ತೆರಿಗೆದಾರರಿಗೆ ಗಣಕೀಕರಣದ ಬಗ್ಗೆ ನಂಬಿಕೆ ಮೂಡಿತು. ನ್ಯಾಯಾಲಯ ಶುಲ್ಕದ ವಿಷಯದಲ್ಲಿ ಈ ಮೂರೂ ಪಾಠಗಳನ್ನು ಆರಂಭದಲ್ಲಿಯೇ ಅಳವಡಿಸಿಕೊಳ್ಳುವುದು ಜಾಣತನ.

ನ್ಯಾಯಾಂಗದಲ್ಲಿ ಆಗಿರುವ ಕೆಲಸ

ನ್ಯಾಯಾಂಗದ ಗಣಕೀಕರಣಕ್ಕೂ ಒಂದು ಇತಿಹಾಸವಿದೆ. ಇ-ಕೋರ್ಟ್ಸ್ ಯೋಜನೆಯ ಮೊದಲ ಹಂತ 2007ರಲ್ಲಿ, ಎರಡನೆಯ ಹಂತ 2015ರಲ್ಲಿ ಆರಂಭವಾದವು. 7,210 ಕೋಟಿ ರೂಪಾಯಿ ವೆಚ್ಚದ ಮೂರನೆಯ ಹಂತಕ್ಕೆ ಕೇಂದ್ರ ಸಚಿವ ಸಂಪುಟ 2023ರ ಸೆಪ್ಟೆಂಬರ್ 13ರಂದು ಒಪ್ಪಿಗೆ ನೀಡಿತು. ಇ-ಫೈಲಿಂಗ್ ಮತ್ತು ಇ-ಪಾವತಿಯನ್ನು ವ್ಯಾಪಕವಾಗಿ ಬಳಕೆಗೆ ತರುವುದು, ನ್ಯಾಯಾಲಯ ಸಂಕೀರ್ಣಗಳಲ್ಲಿ ಇ-ಸೇವಾ ಕೇಂದ್ರಗಳನ್ನು ತೆರೆಯುವುದು ಅದರ ಉದ್ದೇಶಗಳಲ್ಲಿ ಸೇರಿವೆ. ನ್ಯಾಯಾಲಯ ಶುಲ್ಕ, ದಂಡ, ನ್ಯಾಯಾಂಗ ಠೇವಣಿ ಮುಂತಾದವುಗಳಿಗಾಗಿ ಇ-ಪಾವತಿ ಜಾಲತಾಣವೂ ರೂಪುಗೊಂಡಿದೆ. ರಾಜ್ಯ ಸರ್ಕಾರದ ಖಜಾನೆ-2 ವ್ಯವಸ್ಥೆಯಲ್ಲಿ ಇ-ಚಲನ್ ಮೂಲಕ ಸರ್ಕಾರಕ್ಕೆ ಹಣ ಸಂದಾಯ ಮಾಡುವುದು ಸಾರ್ವಜನಿಕರಿಗೆ ಪರಿಚಿತವಾಗಿದೆ.

ದೆಹಲಿಯಲ್ಲಿ ಸ್ಟಾಕ್ ಹೋಲ್ಡಿಂಗ್ ಮೂಲಕ ಇ-ಕೋರ್ಟ್ ಫೀ ಪ್ರಮಾಣಪತ್ರ ಪಡೆಯುವ ಪದ್ಧತಿ ವರ್ಷಗಳಿಂದ ನಡೆದಿದೆ. ಅಲ್ಲಿನ ಒಂದು ಕ್ರಮ ಗಮನಿಸತಕ್ಕದ್ದು. ಹಿಂದೆ ಮುದ್ರಾಂಕವನ್ನು ಮತ್ತೆ ಬಳಸದಂತೆ ನ್ಯಾಯಾಲಯದ ಸಿಬ್ಬಂದಿ ಅದಕ್ಕೆ ರಂಧ್ರ ಕೊರೆದು ರದ್ದುಪಡಿಸುತ್ತಿದ್ದರು. ವಿದ್ಯುನ್ಮಾನ ಪದ್ಧತಿಯಲ್ಲಿ ಪ್ರಮಾಣಪತ್ರದ ಸಂಖ್ಯೆಯನ್ನು ಗಣಕದಲ್ಲಿ ಪರಿಶೀಲಿಸಿ, ಬಳಕೆಯಾಗಿದೆಯೆಂದು ಬೀಗ ಹಾಕಲಾಗುತ್ತದೆ. ಒಂದೇ ರಸೀದಿಯ ಎರಡು ಮುದ್ರಿತ ಪ್ರತಿಗಳನ್ನು ಎರಡು ದಾವೆಗಳಿಗೆ ಲಗತ್ತಿಸುವ ಸಾಧ್ಯತೆ ಇದರಿಂದ ತಪ್ಪುತ್ತದೆ.

ವಾಣಿಜ್ಯ ವ್ಯಾಜ್ಯಗಳಿಗೆ ಸಂಬಂಧಿಸಿದ ನಿಯಮಗಳಲ್ಲಿಯೂ ಇದಕ್ಕೆ ಪೂರಕವಾದ ನಿದರ್ಶನವಿದೆ. 2018ರ ತಿದ್ದುಪಡಿಯಿಂದ 3 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯಗಳು ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯ ವ್ಯಾಪ್ತಿಗೆ ಬಂದವು. ತುರ್ತು ಮಧ್ಯಂತರ ಪರಿಹಾರ ಕೋರದ ಪ್ರಕರಣಗಳಲ್ಲಿ ದಾವೆಗೆ ಮುನ್ನ ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ ಪಾಟೀಲ್ ಆಟೋಮೇಷನ್ ಪ್ರಕರಣದಲ್ಲಿ 2022ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಈ ಮಧ್ಯಸ್ಥಿಕೆಯ ಅರ್ಜಿಗೆ ತೆರಬೇಕಾದ 1,000 ರೂಪಾಯಿಯನ್ನು ಡಿಮ್ಯಾಂಡ್ ಡ್ರಾಫ್ಟ್ ಮೂಲಕ ಅಥವಾ ಆನ್‌ಲೈನ್‌ನಲ್ಲಿ ಕಟ್ಟಬಹುದೆಂದು 2018ರ ನಿಯಮಗಳೇ ಹೇಳಿವೆ. 1,000 ರೂಪಾಯಿಗೆ ಇರುವ ಅನುಕೂಲ 33,375 ರೂಪಾಯಿಗೆ ಇರಬಾರದೇಕೆ?

ಮರಳುವ ದಾರಿ

ವರ್ತಕರು ಸಾಮಾನ್ಯವಾಗಿ ಗಮನಿಸದ ಸಂಗತಿಯೆಂದರೆ, ಕಟ್ಟಿದ ಶುಲ್ಕ ಎಲ್ಲ ಸಂದರ್ಭಗಳಲ್ಲಿಯೂ ಸರ್ಕಾರದಲ್ಲೇ ಉಳಿಯುವುದಿಲ್ಲ. ದಾವೆ ಲೋಕ ಅದಾಲತ್‌ನಲ್ಲಿ ಇತ್ಯರ್ಥವಾದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಶುಲ್ಕವನ್ನು ಮರಳಿಸಬೇಕಾಗುತ್ತದೆ. 2002ರ ಜುಲೈ 1ರಿಂದ ಜಾರಿಯಲ್ಲಿರುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಪ್ರಕರಣದಂತೆ ಮಧ್ಯಸ್ಥಿಕೆ ಮುಂತಾದ ಪರ್ಯಾಯ ಮಾರ್ಗಗಳಲ್ಲಿ ರಾಜಿಯಾದಾಗಲೂ ಮರುಪಾವತಿಗೆ ಅವಕಾಶವಿದೆ. ಸಾಕ್ಷ್ಯ ದಾಖಲಾಗುವ ಮುನ್ನವೇ ರಾಜಿಯಾದ ದಾವೆಗಳಲ್ಲಿ ಶುಲ್ಕದ ಒಂದು ಭಾಗವನ್ನು ಮರಳಿಸಲು ರಾಜ್ಯದ ಕಾಯಿದೆಯೂ ಅವಕಾಶ ಕಲ್ಪಿಸಿದೆ. ತಮಿಳುನಾಡಿನ ಕಾಯಿದೆಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2021ರ ಫೆಬ್ರವರಿಯಲ್ಲಿ ಇನ್ನೂ ಮುಂದೆ ಹೋಗಿ, ಉಭಯ ಪಕ್ಷಗಳು ನ್ಯಾಯಾಲಯದ ಸೂಚನೆಯಿಲ್ಲದೆ ತಾವಾಗಿಯೇ ರಾಜಿಯಾದರೂ ಶುಲ್ಕ ಹಿಂಪಡೆಯಲು ಅರ್ಹರು ಎಂದು ಹೇಳಿತು. ನ್ಯಾಯಾಲಯದ ಕಾಲವನ್ನು ಉಳಿಸಿದವರಿಗೆ ಅದರ ಫಲ ದೊರೆಯಬೇಕೆಂಬುದು ಇದರ ಹಿಂದಿರುವ ನ್ಯಾಯ.

ಕಾನೂನು ಇಷ್ಟು ಉದಾರವಾಗಿದ್ದರೂ ಆಚರಣೆಯಲ್ಲಿ ಹಾದಿ ದುರ್ಗಮ. ನ್ಯಾಯಾಲಯದ ಆದೇಶ ಬೇಕು, ಆದೇಶದ ಮೇಲೆ ಪ್ರಮಾಣಪತ್ರ ಬೇಕು, ಆ ಪ್ರಮಾಣಪತ್ರ ಹಿಡಿದು ಕಂದಾಯ ಮತ್ತು ಖಜಾನೆಯ ಮೇಜುಗಳನ್ನು ಸುತ್ತಬೇಕು. ಮೂಲ ಪಾವತಿಯ ದಾಖಲೆ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ. ಕೆಲವು ಸಾವಿರ ರೂಪಾಯಿಗಾಗಿ ಹತ್ತಾರು ಬಾರಿ ಅಂಗಡಿ ಮುಚ್ಚಿ ಅಲೆಯುವುದಕ್ಕಿಂತ ಬಿಟ್ಟುಬಿಡುವುದೇ ಲೇಸೆಂದು ತೀರ್ಮಾನಿಸುವವರು ಬಹಳ. ಹಾಗೆ ಬಿಟ್ಟ ಹಣ ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರಬೇಕಾದ ಬಾಕಿಯಾಗಿ ಕಾಣಿಸುವುದಿಲ್ಲ.

ವಿದ್ಯುನ್ಮಾನ ಪಾವತಿ ನಿಜವಾದ ಬದಲಾವಣೆ ತರಬಲ್ಲದ್ದು ಇಲ್ಲಿಯೇ. ಹಣ ಯಾವ ಖಾತೆಯಿಂದ ಬಂದಿದೆ ಎಂಬುದು ವ್ಯವಸ್ಥೆಗೆ ಗೊತ್ತಿರುತ್ತದೆ. ದಾವೆಯ ಸಂಖ್ಯೆಯೊಂದಿಗೆ ಪಾವತಿಯ ಸಂಖ್ಯೆ ಜೋಡಣೆಯಾಗಿದ್ದರೆ, ನ್ಯಾಯಾಧೀಶರು ಮರುಪಾವತಿಗೆ ಆದೇಶ ನೀಡಿದ ಕೂಡಲೇ ಆ ಆದೇಶ ಖಜಾನೆಗೆ ವಿದ್ಯುನ್ಮಾನವಾಗಿ ಹೋಗಿ, ಹಣ ನೇರವಾಗಿ ಅದೇ ಖಾತೆಗೆ ಸೇರುವಂತೆ ಮಾಡುವುದು ತಾಂತ್ರಿಕವಾಗಿ ಕಷ್ಟವಲ್ಲ. ರಾಜಿ ಮಾಡಿಕೊಂಡರೆ ಒಂದು ತಿಂಗಳೊಳಗೆ 33,375 ರೂಪಾಯಿ ಕೈಗೆ ಬರುತ್ತದೆ ಎಂಬ ಭರವಸೆಯಿದ್ದರೆ ಎಷ್ಟೋ ವರ್ತಕರು ಲೋಕ ಅದಾಲತ್‌ಗೆ ಹೆಚ್ಚು ಮನಸ್ಸಿನಿಂದ ಹೋದಾರು.

ಮರಳುವ ದಾರಿಗೆ ಸೇರಿದ ಮತ್ತೊಂದು ವಿಷಯ, ದಾವೆ ಒಂದು ನ್ಯಾಯಾಲಯದಿಂದ ಮತ್ತೊಂದಕ್ಕೆ ಸಾಗುವುದು. ವ್ಯಾಪ್ತಿಯ ಕಾರಣದಿಂದ ವಾದಪತ್ರವನ್ನು ಹಿಂದಿರುಗಿಸಿ, ತಕ್ಕ ನ್ಯಾಯಾಲಯದಲ್ಲಿ ಸಲ್ಲಿಸಲು ಹೇಳುವ ಸಂದರ್ಭಗಳು ಉಂಟು. ರಸೀದಿಯ ಸಂಖ್ಯೆಗೆ ಮೊದಲ ನ್ಯಾಯಾಲಯದಲ್ಲಿ ಬೀಗ ಬಿದ್ದಿದ್ದರೆ ಎರಡನೆಯ ನ್ಯಾಯಾಲಯದಲ್ಲಿ ಅದು ತೆರೆಯುವ ಏರ್ಪಾಟು ಇರಬೇಕು. ಇಲ್ಲವಾದರೆ ಒಂದೇ ದಾವೆಗೆ ಎರಡು ಬಾರಿ ಶುಲ್ಕ ಕಟ್ಟಿ, ಮೊದಲನೆಯದಕ್ಕಾಗಿ ಕಾಯುವ ದುರವಸ್ಥೆ ಒದಗುತ್ತದೆ.

ಕಾಲಪರಿಮಿತಿಯ ಕೊನೆಯ ದಿನ

ವಿದ್ಯುನ್ಮಾನ ಪಾವತಿಯಲ್ಲಿ ಅಪಾಯಗಳೇ ಇಲ್ಲವೆಂದಲ್ಲ. ಮಾರಾಟ ಮಾಡಿದ ಸರಕಿನ ಹಣಕ್ಕಾಗಿ ದಾವೆ ಹೂಡಲು 1963ರ ಕಾಲಪರಿಮಿತಿ ಕಾಯಿದೆ ನೀಡಿರುವ ಅವಧಿ 3 ವರ್ಷ. ವರ್ತಕರು ಗಿರಾಕಿಯ ಮಾತನ್ನು ನಂಬುತ್ತ ಕೊನೆಯ ವಾರದವರೆಗೂ ಕಾಯುವುದು ಸಾಮಾನ್ಯ. ಮೇಲ್ಮನವಿಯಲ್ಲಿ ವಿಳಂಬವನ್ನು ಮನ್ನಿಸುವಂತೆ ಕೋರಬಹುದು. ಆದರೆ ಆ ಕಾಯಿದೆಯ 5ನೆಯ ಪ್ರಕರಣದ ಆ ಅನುಕೂಲ ಮೂಲ ದಾವೆಗೆ ಅನ್ವಯಿಸುವುದಿಲ್ಲ. ಕೊನೆಯ ದಿನ ನ್ಯಾಯಾಲಯ ಮುಚ್ಚಿದ್ದರೆ ಮತ್ತೆ ತೆರೆದ ದಿನ ಸಲ್ಲಿಸಲು 4ನೆಯ ಪ್ರಕರಣ ಅವಕಾಶ ನೀಡುತ್ತದೆ. ನ್ಯಾಯಾಲಯ ತೆರೆದಿದ್ದು ಸರ್ವರ್ ಕೈಕೊಟ್ಟರೆ ಏನು ಗತಿ?

ಕಡಿಮೆ ಬಿದ್ದ ಶುಲ್ಕವನ್ನು ಅನಂತರ ಭರಿಸಲು ಅನುಮತಿ ನೀಡುವ ವಿವೇಚನಾಧಿಕಾರವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 149ನೆಯ ಪ್ರಕರಣ ನ್ಯಾಯಾಲಯಕ್ಕೆ ಕೊಟ್ಟಿದೆ. ಆದರೆ ಅದು ವಿವೇಚನೆಯ ಮಾತು, ವಾದಿಯ ಹಕ್ಕಲ್ಲ. ಆದ್ದರಿಂದ ಸರ್ವರ್ ಸ್ಥಗಿತಗೊಂಡ ಸಮಯವನ್ನು ವ್ಯವಸ್ಥೆಯೇ ದಾಖಲಿಸಿ ಪ್ರಕಟಿಸಬೇಕು. ಅಂಥ ದಿನ ಕೌಂಟರಿನಲ್ಲಿ ಹಳೆಯ ವಿಧಾನದಲ್ಲಿ ಶುಲ್ಕ ಸ್ವೀಕರಿಸಬೇಕು. ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗಿದ್ದು ರಸೀದಿ ಮಾತ್ರ ಬಾರದಿದ್ದಾಗ ಕಡಿತದ ದಿನಾಂಕವನ್ನೇ ಪಾವತಿಯ ದಿನಾಂಕವೆಂದು ಪರಿಗಣಿಸುವುದನ್ನು ನಿಯಮದಲ್ಲಿಯೇ ಬರೆಯಬೇಕು. ತೆರಿಗೆಯ ವಿಷಯದಲ್ಲಿ ಒಂದು ದಿನ ತಡವಾದರೆ ಬಡ್ಡಿ ಕಟ್ಟಿ ಪಾರಾಗಬಹುದು. ದಾವೆಯ ವಿಷಯದಲ್ಲಿ ಒಂದು ದಿನ ತಡವಾದರೆ ಸಾಲವೇ ಮುಳುಗಿತು.

ವೆಚ್ಚ ಮತ್ತು ಆಕ್ಷೇಪಗಳು

ಅನುಕೂಲದ ಹೆಸರಿನಲ್ಲಿ ಹೆಚ್ಚುವರಿ ಶುಲ್ಕ ಹೇರುವುದು ಸರಿಯಲ್ಲ. ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿನ ಪಾವತಿಗಳಿಗೆ 2020ರ ಜನವರಿಯಿಂದ ವರ್ತಕರ ಮೇಲಿನ ಶುಲ್ಕ ಶೂನ್ಯವಾಗಿದೆ. ಯುಪಿಐ ಮಿತಿ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷ ರೂಪಾಯಿ ಇರುವುದರಿಂದ 10 ಲಕ್ಷದ ದಾವೆಯ 60,875 ರೂಪಾಯಿ ಶುಲ್ಕವೂ ಅದರೊಳಗೆ ಬರುತ್ತದೆ. ಅದಕ್ಕೆ ಮೀರಿದ ಮೊತ್ತಗಳಿಗೆ ನೆಫ್ಟ್ 2019ರ ಡಿಸೆಂಬರ್‌ನಿಂದಲೂ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದಲೂ ದಿನದ 24 ಗಂಟೆಯೂ ಲಭ್ಯವಿವೆ. ಈ ಮಾರ್ಗಗಳು ಇರುವಾಗ ಕಾರ್ಡಿನ ವೆಚ್ಚವನ್ನು ವಾದಿಯ ತಲೆಗೆ ಕಟ್ಟುವುದಕ್ಕೆ ಕಾರಣವಿಲ್ಲ.

ಇಷ್ಟಾಗಿಯೂ ಎಲ್ಲರೂ ಗಣಕ ಬಲ್ಲವರಲ್ಲ ಎಂಬ ಆಕ್ಷೇಪ ಉಳಿಯುತ್ತದೆ. ಅದು ನಿಜ. ಹಳ್ಳಿಯಿಂದ ಬಂದ ಹಿರಿಯರು, ಬ್ಯಾಂಕ್ ವ್ಯವಹಾರ ಕಡಿಮೆಯಿರುವವರು ತೊಂದರೆಗೀಡಾಗಬಾರದು. ಅದಕ್ಕಾಗಿಯೇ ಇ-ಸೇವಾ ಕೇಂದ್ರಗಳು ಇರುವುದು. ಮೈಸೂರಿನ ಕೃಷ್ಣರಾಜ ಬುಲೆವಾರ್ಡಿನ ಹಳೆಯ ನ್ಯಾಯಾಲಯ ಸಂಕೀರ್ಣವಿರಲಿ, ಮಳಲವಾಡಿಯ ಹೊಸ ಸಂಕೀರ್ಣವಿರಲಿ, ತಾಲ್ಲೂಕು ಕೇಂದ್ರಗಳ ನ್ಯಾಯಾಲಯಗಳಿರಲಿ, ಕಟ್ಟಡದೊಳಗೇ ಕನ್ನಡದಲ್ಲಿ ನೆರವು ನೀಡುವ ಒಂದು ಮೇಜು ಇದ್ದರೆ ಈ ಆಕ್ಷೇಪಕ್ಕೆ ಪರಿಹಾರ ದೊರೆಯುತ್ತದೆ. ಜಾಲತಾಣವೂ ರಸೀದಿಯೂ ಕನ್ನಡದಲ್ಲಿರಬೇಕು. ಮುದ್ರಾಂಕ ಮಾರಾಟಗಾರರ ಜೀವನೋಪಾಯದ ಪ್ರಶ್ನೆಯೂ ಸಹಾನುಭೂತಿಗೆ ಅರ್ಹ. ಅಧಿಕೃತ ಪಾವತಿ ಕೇಂದ್ರಗಳನ್ನು ನಡೆಸಲು ಅವರಿಗೆ ಮೊದಲ ಅವಕಾಶ ನೀಡುವುದು ಯೋಗ್ಯ.

ಸಣ್ಣ ಮೊತ್ತಗಳನ್ನು ಮರೆಯಬಾರದು. ದಾವೆಯ ಶುಲ್ಕ ಒಮ್ಮೆ ಕಟ್ಟುವಂಥದು. ಸಮನ್ಸ್ ಶುಲ್ಕ, ಮಧ್ಯಂತರ ಅರ್ಜಿಗಳ ಶುಲ್ಕ, ನಕಲು ಶುಲ್ಕ ಇವು ವರ್ಷಗಟ್ಟಲೆ ಸಾಗುವಂಥವು. ವಕಾಲತ್ತಿಗೆ 1983ರ ಕರ್ನಾಟಕ ವಕೀಲರ ಕಲ್ಯಾಣ ನಿಧಿ ಕಾಯಿದೆಯಂತೆ ಪ್ರತ್ಯೇಕ ಚೀಟಿ ಬೇಕು. ದೊಡ್ಡ ಮೊತ್ತ ಜಾಲದಲ್ಲಿ, ಸಣ್ಣ ಮೊತ್ತಗಳು ಕಾಗದದಲ್ಲಿ ಎಂದಾದರೆ ಓಡಾಟ ತಪ್ಪುವುದಿಲ್ಲ. ಎಲ್ಲವೂ ಒಂದೇ ಕಡೆ, ಒಂದೇ ದಾವೆ ಸಂಖ್ಯೆಯಡಿ ಸಂದಾಯವಾಗುವಂತಿರಬೇಕು.

ವರ್ತಕರು ಮಾಡಬೇಕಾದುದು

ಸರ್ಕಾರವನ್ನೂ ನ್ಯಾಯಾಂಗವನ್ನೂ ಕೇಳಿಕೊಳ್ಳುವುದರ ಜೊತೆಗೆ ವರ್ತಕರು ತಮ್ಮ ಕಡೆಯ ಶಿಸ್ತನ್ನೂ ರೂಢಿಸಿಕೊಳ್ಳಬೇಕು. ಶುಲ್ಕವನ್ನು ಸಂಸ್ಥೆಯ ಸ್ವಂತ ಬ್ಯಾಂಕ್ ಖಾತೆಯಿಂದಲೇ ಕಟ್ಟಬೇಕು. ಮಾಲೀಕರ ಉಳಿತಾಯ ಖಾತೆಯಿಂದಲೋ ಗುಮಾಸ್ತರ ಮೊಬೈಲಿನಿಂದಲೋ ಕಟ್ಟಿದರೆ ಮರುಪಾವತಿಯ ಹಕ್ಕು ಗೊಂದಲಕ್ಕೆ ಸಿಲುಕುತ್ತದೆ. ವಾದಪತ್ರದಲ್ಲಿರುವ ಹೆಸರು, ಬ್ಯಾಂಕ್ ಖಾತೆಯ ಹೆಸರು, ತೆರಿಗೆ ನೋಂದಣಿಯ ಹೆಸರು ಒಂದೇ ಆಗಿರಬೇಕು. ಲೆಕ್ಕದ ಪುಸ್ತಕದಲ್ಲಿ ಪ್ರತಿ ದಾವೆಗೂ ಪ್ರತ್ಯೇಕ ಖಾತೆ ತೆರೆದು ಶುಲ್ಕ, ಸಂಭಾವನೆ, ಇತರ ವೆಚ್ಚಗಳನ್ನು ಬೇರೆಬೇರೆಯಾಗಿ ನಮೂದಿಸಬೇಕು. ದಾವೆ ಗೆದ್ದಾಗ ಡಿಕ್ರಿಯಲ್ಲಿ ವೆಚ್ಚದ ತಖ್ತೆ ಸೇರುತ್ತದೆ. ಕಟ್ಟಿದ ಶುಲ್ಕವನ್ನು ಪ್ರತಿವಾದಿಯಿಂದ ವಸೂಲು ಮಾಡಲು ಈ ದಾಖಲೆಗಳೇ ಆಧಾರ. ರಾಜಿಯಾದಾಗ ರಾಜಿ ಅರ್ಜಿಯಲ್ಲಿಯೇ ಶುಲ್ಕದ ಮರುಪಾವತಿಯನ್ನು ಕೋರುವಂತೆ ವಕೀಲರಿಗೆ ನೆನಪಿಸಬೇಕು.

ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ 2006ರ ಕಾಯಿದೆಯಡಿ ವಿಳಂಬ ಪಾವತಿಯ ದೂರನ್ನು ಸೌಲಭ್ಯ ಮಂಡಳಿಯ ಮುಂದೆ ಒಯ್ಯುವ ಹಾದಿಯುಂಟು. 2021ರಲ್ಲಿ ಚಿಲ್ಲರೆ ಮತ್ತು ಸಗಟು ವರ್ತಕರಿಗೂ ಉದ್ಯಮ್ ನೋಂದಣಿ ದೊರೆತರೂ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತವಾಗಿದೆ. ಹೀಗಾಗಿ ಯಾದವಗಿರಿಯ ಉತ್ಪಾದಕರಿಗೆ ಇರುವ ಪರ್ಯಾಯ, ಅವರ ಪಕ್ಕದ ಗೋದಾಮಿನ ವರ್ತಕರಿಗೆ ಇಲ್ಲ. ವರ್ತಕರಿಗೆ ಸಿವಿಲ್ ನ್ಯಾಯಾಲಯದ ಬಾಗಿಲೇ ಪ್ರಧಾನ ಮಾರ್ಗ.

ವಾಣಿಜ್ಯ ಸಂಘಗಳು ಈ ಸಂದರ್ಭದಲ್ಲಿ ವಹಿಸಬೇಕಾದ ಪಾತ್ರ ದೊಡ್ಡದು. ಸದಸ್ಯರಿಗೆ ಬರಬೇಕಾಗಿರುವ ಶುಲ್ಕ ಮರುಪಾವತಿಗಳ ಪಟ್ಟಿಯನ್ನು ಕಲೆಹಾಕುವುದು ಮೊದಲ ಕೆಲಸ. ಅಂಕಿ ಅಂಶಗಳೊಂದಿಗೆ ಹೋದ ಮನವಿಗೆ ಇರುವ ತೂಕ ಬರಿಯ ದೂರಿಗೆ ಇರುವುದಿಲ್ಲ. ಪಾವತಿದಾರರ ಹೆಸರಿನ ರಸೀದಿ, ತಪ್ಪು ತಿದ್ದುವ ಅವಕಾಶ, ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಶುಲ್ಕದ ವರ್ಗಾವಣೆ, ಸರ್ವರ್ ಸ್ಥಗಿತದ ದಾಖಲೆ, ನಿಗದಿತ ಅವಧಿಯೊಳಗೆ ಖಾತೆಗೆ ಮರುಪಾವತಿ ಎಂಬ ಐದು ಬೇಡಿಕೆಗಳನ್ನು ವಕೀಲರ ಸಂಘದೊಡಗೂಡಿ ಉಚ್ಚ ನ್ಯಾಯಾಲಯದ ಮತ್ತು ರಾಜ್ಯ ಸರ್ಕಾರದ ಗಮನಕ್ಕೆ ತರುವುದು ಮುಂದಿನ ಕೆಲಸ.

ಶುಲ್ಕದ ದರ ಇಳಿಯುವುದೋ ಇಲ್ಲವೋ ಎಂಬುದು ಶಾಸನಸಭೆಗೆ ಸೇರಿದ ವಿಚಾರ. ಅದು ಸಮಯ ಹಿಡಿಯುತ್ತದೆ. ಕಟ್ಟಿದ ಹಣಕ್ಕೆ ಲೆಕ್ಕ ಸಿಗುವುದು, ಹಕ್ಕಿನ ಹಣ ಮರಳಿ ಬರುವುದು ಆಡಳಿತಕ್ಕೆ ಸೇರಿದ ವಿಚಾರ. ಅದಕ್ಕೆ ಹೊಸ ಕಾಯಿದೆಯನ್ನು ಕಾಯಬೇಕಾಗಿಲ್ಲ. ಯಾದವಗಿರಿಯ ಆ ವರ್ತಕರು ತಮ್ಮ ಗದ್ದುಗೆಯ ಮೇಲೆ ಕುಳಿತೇ 33,375 ರೂಪಾಯಿ ಕಟ್ಟುವಂತಾಗುವುದು ಸುಧಾರಣೆಯ ಮೊದಲ ಅರ್ಧ. ಗಿರಾಕಿಯೊಡನೆ ರಾಜಿಯಾದ ಮೇಲೆ ಅದೇ 33,375 ರೂಪಾಯಿ, ಯಾವ ಮೇಜನ್ನೂ ಸುತ್ತದೆ, ಅದೇ ಖಾತೆಗೆ ಜಮೆಯಾದ ದಿನ ಆ ಸುಧಾರಣೆ ಪೂರ್ಣಗೊಂಡಿತೆಂದು ತಿಳಿಯಬಹುದು.